ಮನೆಗೆ ತಂದ ಜೀವದ ಹೊಣೆ

ದಯೆಯೆಂಬ ಮಾತು ನಮ್ಮ ನಾಲಗೆಗೆ ಬಹು ಪರಿಚಿತವಾದುದು. ಬಸವಣ್ಣನವರು ಅದನ್ನು ಧರ್ಮದ ಬುಡದಲ್ಲಿರಿಸಿದರೆಂಬುದನ್ನು ನಮ್ಮ ಮಕ್ಕಳು ಶಾಲೆಯ ಮೆಟ್ಟಿಲು ಹತ್ತುವ ಮುನ್ನವೇ ಕಲಿಯುತ್ತಾರೆ. ಆದರೆ ಬಾಯಿಪಾಠವಾದ ಮಾತು ಬಾಳಿಗೆ ಇಳಿದಿದೆಯೇ ಎಂದು ಒರೆಗೆ ಹಚ್ಚುವ ಪ್ರಸಂಗಗಳು ಮೇಲಿಂದ ಮೇಲೆ ಒದಗುವುದಿಲ್ಲ. ಆಕಳಿಗೆ ಮೇವು ಹಾಕುವಲ್ಲಿ ದಯೆಯೊಡನೆ ಹಾಲಿನ ಆಸೆಯೂ ಕಲೆತಿರುತ್ತದೆ. ಎತ್ತಿನ ಮೈ ತೊಳೆಯುವಲ್ಲಿ ಬೇಸಾಯದ ಲೆಕ್ಕವೂ ಉಂಟು. ನಾಯಿಗೆ ರೊಟ್ಟಿಯ ತುಣುಕು ಎಸೆದರೆ ಅದು ಬಾಲ ಅಲ್ಲಾಡಿಸಿ ನಮ್ಮ ಉಪಕಾರವನ್ನು ಒಪ್ಪಿಕೊಳ್ಳುತ್ತದೆ. ಹಾಲು ಕೊಡದ, ಹೊಲ ಉಳದ, ಬಾಲ ಅಲ್ಲಾಡಿಸದ, ನೋವಾದರೆ ಕೂಗಲೂ ಅರಿಯದ ಜೀವವೊಂದು ನಮ್ಮ ಕೈಯಲ್ಲಿ ಬಿದ್ದಾಗ ನಮ್ಮ ದಯೆಯ ಗತಿಯೇನು? ನಮ್ಮ ಇಚ್ಛೆಯಿಂದಲೇ ಮನೆಗೆ ತಂದ ಅಂಥ ಜೀವಕ್ಕೆ ನಾವು ಸಲ್ಲಿಸಬೇಕಾದುದು ಪ್ರೀತಿಯೊಂದೇ ಆದರೆ ಸಾಕೆ? ಅದರ ಆಹಾರವು ನಮ್ಮ ಶೀಲಕ್ಕೆ ಒಗ್ಗದಿದ್ದಾಗ ನಾವು ಮಾಡತಕ್ಕುದೇನು? ಈ ಪ್ರಶ್ನೆಗಳು ಕಳೆದ ಮಾಗಿಯಲ್ಲಿ ಈ ಲೇಖಕನ ಮನೆಯ ಪಡಸಾಲೆಗೇ ಬಂದು ಕುಳಿತವು. ಆದುದನ್ನು ಆದಂತೆ ಹೇಳಿ, ಅದರಿಂದ ತಿಳಿದುದನ್ನು ಸದ್ಗೃಹಸ್ಥರ ಮುಂದಿಡುವುದೇ ಈ ಬರಹದ ಉದ್ದೇಶ.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಬಂಧುವೊಬ್ಬರು ಮೊಮ್ಮಗನ ಹುಟ್ಟುಹಬ್ಬಕ್ಕೆಂದು ವಿಜಯಪುರದ ನಮ್ಮ ಮನೆಗೆ ಒಂದು ಗಾಜಿನ ಪೆಟ್ಟಿಗೆಯನ್ನು ತಂದರು. ಒಳಗೆ ಮರಳು ಹರಡಿತ್ತು. ಮರಳಿನ ಮೇಲೆ ಬೆರಳುದ್ದಕ್ಕಿಂತ ತುಸು ಹೆಚ್ಚಾದ ಒಂದು ಓತಿಮರಿ ಕಣ್ಣು ಅರೆಮುಚ್ಚಿ ಮಲಗಿತ್ತು. ಅದರ ಹೆಸರು ಬಿಯರ್ಡೆಡ್ ಡ್ರ್ಯಾಗನ್ ಎಂದರು. ನಾವು ನಮ್ಮ ಮಾತಿನಲ್ಲಿ ಗಡ್ಡದ ಓತಿ ಎಂದು ಕರೆದೆವು. ಹುಡುಗನ ಸಂತೋಷಕ್ಕೆ ಪಾರವಿರಲಿಲ್ಲ. ಆದರೆ ಮರಿ ಅಂದು ಏನನ್ನೂ ತಿನ್ನಲಿಲ್ಲ, ಮರುದಿನವೂ ತಿನ್ನಲಿಲ್ಲ. ಅದರ ಹೊಟ್ಟೆಯ ಮೇಲೆ ಕಪ್ಪು ಗೆರೆಗಳು ಮೂಡಿದವು. ಒಂದು ಮೂಲೆ ಹಿಡಿದು ಕುಳಿತುದು ಏಳಲೊಲ್ಲದು. ಮನೆಯವರೆಲ್ಲರೂ ತಮ್ಮ ತಮ್ಮ ಕರುಣೆಯನ್ನು ತಂದು ಅದರ ಮುಂದೆ ಸುರಿದರು. ಅಜ್ಜಿ ಹತ್ತಿಯನ್ನು ಹಾಲಿನಲ್ಲಿ ಅದ್ದಿ ಅದರ ಬಾಯಿಗೆ ಹಿಡಿದಳು. ಸೊಸೆ ಬಾಳೆಹಣ್ಣನ್ನು ಕಿವುಚಿ ಇಟ್ಟಳು. ಹುಡುಗನಂತೂ ಅದನ್ನು ಅಂಗೈಯಿಂದ ಕೆಳಗಿಳಿಸಲಿಲ್ಲ. ರಾತ್ರಿ ಎದ್ದೆದ್ದು ನೋಡಿ, ಎತ್ತಿ, ಮುದ್ದಿಸಿ ಮಲಗಿಸಿದನು. ಒಂದು ವಾರ ಹೀಗೆ ಕಳೆಯಿತು. ಅಷ್ಟರಲ್ಲಿ ಮರಿಯ ಕಣ್ಣು ಗುಳಿಬಿದ್ದವು, ಮುಂಗಾಲು ನಡುಗತೊಡಗಿದವು. ಮನೆ ತುಂಬ ಪ್ರೀತಿಯಿತ್ತು. ಆ ಪ್ರೀತಿಯ ನಡುವೆಯೇ ಒಂದು ಜೀವ ಸಾಯುತ್ತಲಿತ್ತು.

ಈ ಪ್ರಾಣಿಯ ಮೂಲವನ್ನು ತುಸು ತಿಳಿಯದೆ ಮುಂದಿನ ವಿಚಾರ ಸ್ಪಷ್ಟವಾಗದು. ಇದರ ನಾಡು ಆಸ್ಟ್ರೇಲಿಯಾ ಖಂಡದ ಒಳನಾಡಿನ ಒಣಭೂಮಿ. ಬೆದರಿದಾಗ ಗಂಟಲ ಕೆಳಗಿನ ಮುಳ್ಳುಚರ್ಮವನ್ನು ಉಬ್ಬಿಸಿ ಕಪ್ಪಾಗಿಸುವುದರಿಂದ ಗಡ್ಡದ ಹೆಸರು ಬಂದಿತು. ಬೆಳೆದರೆ ಹೆಚ್ಚು ಕಡಿಮೆ ಎರಡು ಅಡಿ ಉದ್ದವಾಗುತ್ತದೆ; ಸರಿಯಾಗಿ ಸಾಕಿದರೆ 10 ವರ್ಷಕ್ಕೂ ಮೇಲೆ ಬಾಳುತ್ತದೆ. ಆಸ್ಟ್ರೇಲಿಯಾ ಸರಕಾರವು ತನ್ನ ನಾಡಿನ ಇಂಥ ಪ್ರಾಣಿಗಳನ್ನು ವ್ಯಾಪಾರಕ್ಕಾಗಿ ಹೊರಗೆ ಕಳಿಸಗೊಡುವುದಿಲ್ಲ. ಆದುದರಿಂದ ಲೋಕದ ಬೇರೆ ಕಡೆಗಳಲ್ಲಿ ಮಾರಾಟವಾಗುವವು ಸೆರೆಯಲ್ಲಿಯೇ ತಲೆತಲಾಂತರ ಹುಟ್ಟಿ ಬೆಳೆದವು. ನಮ್ಮ ಬೇಲಿಯ ಮೇಲಿನ ಓತಿಕೇತವೂ ಇದೂ ಒಂದೇ ಕುಲಕ್ಕೆ ಸೇರಿದವೆಂದು ಪ್ರಾಣಿಶಾಸ್ತ್ರಜ್ಞರು ಹೇಳುತ್ತಾರೆ. ಎರಡರ ಮೈಯಲ್ಲಿಯೂ ನಮ್ಮ ಮೈಯಲ್ಲಿರುವಂತೆ ಬಿಸಿ ಹುಟ್ಟುವ ಒಲೆಯಿಲ್ಲ. ಹೊರಗಿನ ಬಿಸಿಲೇ ಅವುಗಳ ಜಠರಾಗ್ನಿ. ಮೈ ಕಾಯ್ದರೆ ಮಾತ್ರ ತಿಂದುದು ಅರಗುತ್ತದೆ. ಮೈ ತಣ್ಣಗಾದರೆ ಹೊಟ್ಟೆಯಲ್ಲಿಯ ಆಹಾರ ಅಲ್ಲಿಯೇ ಕೊಳೆಯುತ್ತದೆ.

ಇಷ್ಟು ತಿಳಿದ ಮೇಲೆ ನಮ್ಮ ತಪ್ಪುಗಳನ್ನು ಒಂದೊಂದಾಗಿ ಎಣಿಸುವುದು ಸುಲಭವಾಯಿತು. ಮೊದಲನೆಯದು ಸಂಜ್ಞೆಯನ್ನು ತಪ್ಪಾಗಿ ಓದಿದುದು. ಮರಿ ಆಗಾಗ ಒಂದು ಮುಂಗಾಲನ್ನೆತ್ತಿ ಮೆಲ್ಲನೆ ವೃತ್ತಾಕಾರವಾಗಿ ಆಡಿಸುತ್ತಲಿತ್ತು. “ಅಜ್ಜಾ, ನೋಡ್ರಿಲ್ಲೆ, ನನಗ ಕೈ ಬೀಸಿ ಕರೀಲಿಕ್ಕತ್ತೈತಿ!” ಎಂದು ಹುಡುಗ ಕುಣಿದನು. ಮುದುಕನಾದ ನಾನೂ ನಂಬಿದೆನು. ಅದು ಕರೆಯುವ ಸನ್ನೆಯಲ್ಲವೆಂದು ಬಳಿಕ ತಿಳಿಯಿತು. ಆ ಜಾತಿಯ ಸಣ್ಣ ಪ್ರಾಣಿ ತನಗಿಂತ ಬಲಿಷ್ಠನ ಮುಂದೆ, ನಾನು ಚಿಕ್ಕವನು, ನಿನ್ನೊಡನೆ ಸೆಣಸಲಾರೆ ಎಂದು ಸೋಲೊಪ್ಪಿಕೊಳ್ಳುವ ಬಗೆ ಅದು. ನಾವು ಮುದ್ದಿಸುವಾಗ ಅದು ಕಣ್ಣು ಮುಚ್ಚಿದುದನ್ನು ನಾವು ಸುಖವೆಂದು ಬಗೆದೆವು. ಅದೂ ಬೆದರಿಕೆಯ ಕುರುಹಾಗಿರಬಹುದಂತೆ. ಹೊಟ್ಟೆಯ ಕಪ್ಪು ಗೆರೆಗಳಂತೂ ಕಳವಳದ ಲಕ್ಷಣವೇ ಸರಿ. ಹೊಸ ಮನೆಗೆ ಬಂದ ಮರಿ ಕೆಲವು ದಿನ ಆಹಾರ ಬಿಡುವುದು ಸಹಜ. ಆಗ ಅದಕ್ಕೆ ಬೇಕಾದುದು ಏಕಾಂತ. ನಾವು ಕೊಡದೆ ಉಳಿಸಿದುದು ಅದೊಂದನ್ನೇ. ಪರರ ಭಯವನ್ನು ನಮ್ಮ ಮೇಲಿನ ಪ್ರೀತಿಯೆಂದು ತಿಳಿದುಕೊಳ್ಳುವ ಈ ಮೋಹ ಓತಿಗಳ ಮಟ್ಟಿಗೆ ಮಾತ್ರ ಇರುವುದೆಂದು ಯಾರೂ ತಿಳಿಯಬೇಕಾಗಿಲ್ಲ. ಮನೆಯ ಆಳು ತಲೆ ತಗ್ಗಿಸಿ ನಿಂತರೆ ಅದನ್ನು ಭಕ್ತಿಯೆಂದು ಎಣಿಸುವ ಯಜಮಾನರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ!

ಎರಡನೆಯದು ಬಿಸಿಲಿನ ತಪ್ಪು. ವೈಶಾಖದಲ್ಲಿ 40 ಡಿಗ್ರಿ ದಾಟುವ ವಿಜಯಪುರಕ್ಕೆ ಬಿಸಿಲಿನ ಕೊರತೆಯೇ ಎಂದು ನಗುವವರುಂಟು. ಆದರೆ ನಮ್ಮ ಬಯಲುಸೀಮೆಯ ಮಾಗಿಯ ರಾತ್ರಿಗಳು ಕೊರೆಯುವಂಥವು. ಪೆಟ್ಟಿಗೆಯನ್ನು ಕಿಟಕಿಯ ಬಳಿ ಇಟ್ಟರೆ ಹಗಲಿನ ಬಿಸಿಲು ಸಿಕ್ಕೀತೆಂದು ನಾವು ಬಗೆದೆವು. ಗಾಜು ಬೆಳಕನ್ನು ಬಿಡುತ್ತದೆ; ಎಲುಬು ಕಟ್ಟಲು ಬೇಕಾದ ನೇರಳಾತೀತ ಕಿರಣಗಳನ್ನು ತಡೆಯುತ್ತದೆ. ಆ ಕಿರಣ ಮೈಗೆ ತಾಗದೆ ಡಿ ಜೀವಸತ್ತ್ವ ಹುಟ್ಟದು. ಅದು ಹುಟ್ಟದೆ ಆಹಾರದಲ್ಲಿಯ ಸುಣ್ಣದ ಅಂಶ ಎಲುಬಿಗೆ ಸೇರದು. ಆಗ ದೇಹವು ತನ್ನ ಎಲುಬನ್ನೇ ಕರಗಿಸಿಕೊಂಡು ಬಾಳುತ್ತದೆ. ದವಡೆ ಮೆತ್ತಗಾಗುತ್ತದೆ, ಕಾಲು ನಡುಗಿ ಬಾಗುತ್ತವೆ. ನಮ್ಮ ಮರಿಗೆ ಒದಗಿದ್ದ ಕೇಡು ಇದೇ. ಅದು ನಮ್ಮ ಮನೆಗೆ ಬರುವ ಮೊದಲೇ ಮೊಳೆತಿದ್ದಿರಬೇಕು. ನಾವು ಅದಕ್ಕೆ ನೀರೆರೆದೆವು.

ಮೂರನೆಯದು ಆಹಾರದ ತಪ್ಪು. ಇದೇ ನಮ್ಮ ಮುಖ್ಯ ವಿಚಾರ.

ಊರಿನ ಪಶುವೈದ್ಯರೊಬ್ಬರಲ್ಲಿಗೆ ಮರಿಯನ್ನು ಒಯ್ದಾಗ ಅವರು ಆಡಿದ ಮೊದಲ ಮಾತು ಈ ಲೇಖಕನ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿದೆ. “ಯಜಮಾನರ, ನಾ ಎಮ್ಮಿ ಎತ್ತಿನ ಡಾಕ್ಟರು. ಇದರ ಶಾಸ್ತ್ರ ನನಗ ಪೂರಾ ಗೊತ್ತಿಲ್ಲ. ಬಲ್ಲವರನ್ನ ಕೇಳಿ ಹೇಳತೀನಿ, ಅಲ್ಲೀತನಕಾ ಯಾವ ಮದ್ದೂ ಹಾಕಬ್ಯಾಡ್ರಿ” ಎಂದರು. ತನ್ನ ಅರಿವಿನ ಮೇರೆಯನ್ನು ಅರಿತು ನುಡಿಯುವ ಈ ಪ್ರಾಮಾಣಿಕತೆಯೂ ಕಾಯಕದ ಒಂದು ಅಂಗ. ಹನ್ನೆರಡನೆಯ ಶತಮಾನದ ಶರಣಗಣದಲ್ಲಿ ವೈದ್ಯ ಸಂಗಣ್ಣನವರಿದ್ದರು, ದನ ಕಾಯುವ ತುರುಗಾಹಿ ರಾಮಣ್ಣನವರಿದ್ದರು. ರೋಗವನ್ನು ತಿಳಿಯದೆ ಮದ್ದು ಅರೆಯುವುದಾಗಲಿ, ದನದ ಗುಣವನ್ನು ತಿಳಿಯದೆ ಕೋಲು ಹಿಡಿಯುವುದಾಗಲಿ ಕಾಯಕವೆನಿಸದು. ಅರಿವು ಆಚಾರದಲ್ಲಿ ತೋರಬೇಕೆಂಬ ಶರಣರ ನಿಲುವು ದೊಡ್ಡ ತತ್ತ್ವಚರ್ಚೆಗೆ ಮೀಸಲಾದುದಲ್ಲ. ಒಂದು ಮರಿಯ ಬಾಯಿಗೆ ಏನು ಹಾಕಬೇಕೆಂಬಲ್ಲಿಯೂ ಅದು ನಮ್ಮನ್ನು ಕೇಳುತ್ತದೆ.

ಎರಡು ದಿನಗಳ ಬಳಿಕ ಆ ವೈದ್ಯರು ಬೆಂಗಳೂರಿನ ಬಲ್ಲವರನ್ನು ವಿಚಾರಿಸಿ ಹೇಳಿದ ಮಾತು ನಮ್ಮ ಮನೆಗೆ ಸಿಡಿಲಿನಂತೆ ಬಂದಿತು. ಹಾಲನ್ನು ಅರಗಿಸುವ ಶಕ್ತಿ ಇಂಥ ಪ್ರಾಣಿಗಳಿಗಿಲ್ಲ. ಹಣ್ಣು ಅಪರೂಪಕ್ಕೆ ತುಣುಕಷ್ಟೆ. ಬೆಳೆದ ಪ್ರಾಣಿ ಬಹುಪಾಲು ಸೊಪ್ಪು ತಿಂದು ಬಾಳೀತು, ಆದರೆ ಬೆಳೆಯುವ ಮರಿಗೆ ಜೀವಂತ ಹುಳುಗಳೇ ಮುಖ್ಯ ಆಹಾರ. ದಿನಕ್ಕೆ ಹತ್ತಾರು ಬೇಕು. ಹುಳು ಅದರ ಎರಡು ಕಣ್ಣುಗಳ ನಡುವಣ ಅಂತರಕ್ಕಿಂತ ದೊಡ್ಡದಿರಬಾರದು. ಅದರ ಮೇಲೆ ಸುಣ್ಣದಂಶದ ಪುಡಿ ಉದುರಿಸಬೇಕು.

ಇಷ್ಟಲಿಂಗವನ್ನು ಧರಿಸಿ, ತಲೆಮಾರುಗಳಿಂದ ಶುದ್ಧ ಶಾಕಾಹಾರವನ್ನು ನಡೆಸಿಕೊಂಡು ಬಂದ ಮನೆ ನಮ್ಮದು. “ನನ್ನ ಒಲಿ ಇರೋ ಮನ್ಯಾಗ ಹುಳಾ ತಂದು ಸಾಯಿಸಬ್ಯಾಡ್ರಿ” ಎಂದಳು ಅಜ್ಜಿ. ಅವಳ ಮಾತಿನಲ್ಲಿ ಹಟವಿರಲಿಲ್ಲ, ನಿಜವಾದ ಸಂಕಟವಿತ್ತು. ಒಂದು ಜೀವವನ್ನು ಉಳಿಸಲು ನೂರು ಜೀವಗಳನ್ನು ಕೊಲ್ಲಿಸುವುದು ಯಾವ ದಯೆ? ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ನೆರೆಯ ಹಿರಿಯರೊಬ್ಬರು ಇನ್ನೊಂದು ಮಾತು ಹೇಳಿದರು: ನಾವು ಹಾಲು ಹಣ್ಣು ಇಟ್ಟಿದ್ದೇವೆ, ತಿಂದರೆ ತಿನ್ನಲಿ, ಬಿಟ್ಟರೆ ಶಿವನಿಚ್ಛೆ.

ಈ ಎರಡು ಮಾತುಗಳನ್ನೂ ತೂಗಿ ನೋಡೋಣ. ನೆರೆಯವರ ಮಾತು ಮೇಲ್ನೋಟಕ್ಕೆ ಶರಣಾಗತಿಯಂತೆ ಕಾಣುತ್ತದೆ. ಆದರೆ ಆ ಮರಿಯನ್ನು ಆಸ್ಟ್ರೇಲಿಯಾದ ತಳಿಯಿಂದ ಬಿಡಿಸಿ, ಪೆಟ್ಟಿಗೆಯಲ್ಲಿಟ್ಟು, ವಿಜಯಪುರದ ಕಿಟಕಿಗೆ ತಂದು ನಿಲ್ಲಿಸಿದುದು ಮನುಷ್ಯರ ಇಚ್ಛೆ. ತರುವಾಗ ನಮ್ಮಿಚ್ಛೆ, ಸಾಯುವಾಗ ಶಿವನಿಚ್ಛೆ ಎಂದು ಹಂಚಿಕೊಳ್ಳುವುದು ನ್ಯಾಯವಾದ ಪಾಲಲ್ಲ. ಅರಗದ ಆಹಾರವನ್ನು ಮುಂದಿಟ್ಟು ತಿನ್ನಲಿಲ್ಲವೆನ್ನುವುದು ಬಾಗಿಲಿಗೆ ಬೀಗ ಹಾಕಿ ಅತಿಥಿ ಬರಲಿಲ್ಲವೆಂದಂತೆ. ನಾಗರಪಂಚಮಿಯಂದು ಹುತ್ತಕ್ಕೆ ಹಾಲೆರೆಯುವ ನಮ್ಮ ತಾಯಂದಿರ ಭಕ್ತಿ ದೊಡ್ಡದು; ಹಾವಿನ ಹೊಟ್ಟೆಗೆ ಹಾಲು ಒಗ್ಗದೆಂಬುದೂ ಅಷ್ಟೇ ನಿಜ. ಪೂಜೆಗೂ ನಡತೆಗೂ ನಡುವೆ ಬೀಳುವ ಬಿರುಕನ್ನು ಬಸವಣ್ಣನವರು ನಾಗರಪೂಜೆಯ ನಿದರ್ಶನದಿಂದಲೇ ತೋರಿಸಿದುದನ್ನು ವಾಚಕರು ಬಲ್ಲರು. ಕೊಡುವವನ ತೃಪ್ತಿಗಾಗಿ ಕೊಟ್ಟುದು ದಾಸೋಹವಾಗಲಾರದು. ಉಣ್ಣುವವನ ಹಸಿವನ್ನು ಕಂಡು ನೀಡಿದುದೇ ದಾಸೋಹ.

ಇನ್ನು ಅಜ್ಜಿಯ ಮಾತು. ಶೀಲವೆಂಬುದು ನಾವು ನಮ್ಮ ಮೈಗೆ ತೊಟ್ಟುಕೊಂಡ ಕಟ್ಟು. ಮಾಂಸವನ್ನು ತಿನ್ನೆನೆಂದು ನಾನು ನಿಶ್ಚಯಿಸಿದರೆ ಅದು ನನ್ನ ನಾಲಗೆಯ ಮೇಲೆ ನಾನು ಹೂಡಿದ ಆಳ್ವಿಕೆ. ನಾನು ಆರಿಸಿಕೊಳ್ಳಬಲ್ಲೆನು, ಜೋಳದ ರೊಟ್ಟಿ, ಬೇಳೆ, ಮೊಸರು ನನ್ನನ್ನು ಸಾಕಬಲ್ಲವು. ಆ ಮರಿಗೆ ಆಯ್ಕೆಯಿಲ್ಲ, ಅದರ ಕರುಳಿಗೆ ಬೇರೆ ದಾರಿಯಿಲ್ಲ. ನನ್ನ ಶೀಲವನ್ನು ಬಲಹೀನವಾದ ಪರಜೀವಿಯ ಹೊಟ್ಟೆಯ ಮೇಲೆ ಹೊರಿಸಿದರೆ ಅಲ್ಲಿ ಶೀಲವು ಮುಗಿದು ದಬ್ಬಾಳಿಕೆ ಮೊದಲಾಗುತ್ತದೆ. ಹುಳುವನ್ನು ಕೊಲ್ಲಲಿಲ್ಲವೆಂದು ನಾನು ಹೆಮ್ಮೆಪಡುವಾಗ ಮರಿ ತನ್ನ ಎಲುಬನ್ನು ತಾನೇ ತಿಂದು ಸಾಯುತ್ತಿರುತ್ತದೆ. ಕಣ್ಣಿಗೆ ಕಾಣುವ ಹಿಂಸೆಯನ್ನು ತಪ್ಪಿಸಲು ಕಾಣದ ಹಿಂಸೆಯನ್ನು ಕೈಕೊಂಡಂತಾಯಿತು. ಅಲ್ಲದೆ ಹುಳುವಿನ ಸಾವಿನ ಬಗ್ಗೆ ನಮ್ಮ ಮನೆಗಳು ಅಷ್ಟು ನಿರ್ದೋಷಿಗಳೇ? ಮದುವೆಯಲ್ಲಿ ಉಡುವ ರೇಷ್ಮೆ ಸೀರೆಯ ಎಳೆಗಾಗಿ ಹುಳುಗಳನ್ನು ಗೂಡಿನೊಳಗಿರುವಾಗಲೇ ಬಿಸಿಗೆ ಒಡ್ಡಿ ಕೊಲ್ಲುತ್ತಾರೆ. ಆ ಸೀರೆಯುಟ್ಟು ದೇವರ ಮುಂದೆ ನಿಲ್ಲಲು ನಾವು ಹಿಂಜರಿದಿಲ್ಲ.

ಹಾಗೆಂದು ಹುಳುವಿನ ಸಾವು ಲೆಕ್ಕಕ್ಕಿಲ್ಲವೆನ್ನುವುದೂ ಸಲ್ಲದು. ಅಜ್ಜಿಯ ಸಂಕಟದಲ್ಲಿ ಒಂದು ಸತ್ಯವಿದೆ. ಅದನ್ನು ಕಳೆದುಕೊಂಡರೆ ನಮ್ಮ ವಿವೇಕವೇ ಮೊಂಡಾಗುತ್ತದೆ. ಬೇಲಿಯ ಮೇಲಿನ ಓತಿಕೇತ ಹುಳು ಹಿಡಿದು ತಿನ್ನುವುದರಲ್ಲಿ ನಮ್ಮ ಕೈವಾಡವಿಲ್ಲ. ಅದು ಸೃಷ್ಟಿಯ ವ್ಯವಹಾರ. ಆದರೆ ಸಂತೋಷಕ್ಕಾಗಿ ಒಂದು ಓತಿಯನ್ನು ಮನೆಗೆ ತಂದವನು ಅದರೊಡನೆ ಸಾವಿರಾರು ಹುಳುಗಳ ಸಾವನ್ನೂ ಬರಮಾಡಿಕೊಂಡಿದ್ದಾನೆ. ಆ ಲೆಕ್ಕ ಬರೆಯಬೇಕಾದುದು ಓತಿಯ ಹೆಸರಿನಲ್ಲಲ್ಲ, ತಂದವನ ಆಸೆಯ ಹೆಸರಿನಲ್ಲಿ. ಆದುದರಿಂದ ನಮಗೆ ಹೊಳೆದ ಉತ್ತರ ಎರಡು ಭಾಗವಾಗಿತ್ತು: ಬಂದ ಈ ಒಂದಕ್ಕೆ ಅದರ ಸ್ವಭಾವಕ್ಕೆ ತಕ್ಕ ಆಹಾರವನ್ನು ಕೊಡತಕ್ಕುದು; ಇಂಥ ಇನ್ನೊಂದನ್ನು ತರಕೂಡದು. ಇದು ಹಿತವಾದ ಉತ್ತರವಲ್ಲ. ಇದರಿಂದ ಯಾರ ಮನಸ್ಸೂ ಪೂರ್ತಿ ಹಗುರಾಗದು. ಆದರೆ ಹಗುರಾಗದ ಮನಸ್ಸು ಇಲ್ಲಿ ಒಳ್ಳೆಯ ಕಾವಲುಗಾರ.

ಹುಳುವೆಲ್ಲಿಂದ ಎಂಬಲ್ಲಿಯೂ ಅರಿವು ಬೇಕಾಯಿತು. ತಿಕೋಟಾದ ಬೀಗರು, ನಮ್ಮ ದ್ರಾಕ್ಷಿ ಪಡದಲ್ಲಿ ಬೇಕಾದಷ್ಟು ಮಿಡತೆಗಳಿವೆ, ಹಿಡಿದು ಕಳಿಸುವೆನೆಂದರು. ಅಕ್ಟೋಬರದ ಚಾಟ್ನಿಯ ತರುವಾಯ ಆ ಪಡಗಳಿಗೆ ಎಷ್ಟು ಸಲ ಔಷಧ ಸಿಂಪಡಿಸುತ್ತಾರೆಂಬುದು ತಿಕೋಟಾ ಸೀಮೆಯವರಿಗೆ ಹೇಳಬೇಕಾದುದಿಲ್ಲ. ವಿಷ ಮೆತ್ತಿದ ಮಿಡತೆಯನ್ನು ತಿಂದ ಮರಿ ಉಳಿಯದು. ಬಬಲೇಶ್ವರದ ಎರೆಹೊಲದ ಬಿಳಿಜೋಳದಲ್ಲಿ ಅಷ್ಟು ಸಿಂಪಡಣೆಯಿಲ್ಲದಿದ್ದರೂ ಕಾಡುಹುಳುಗಳಿಂದ ಹೊಟ್ಟೆಯ ಜಂತು ಅಂಟುವ ಭಯವುಂಟೆಂದು ವೈದ್ಯರು ಅದನ್ನೂ ಬೇಡವೆಂದರು. ಮಿಣುಕುಹುಳುವಂತೂ ಒಂದೇ ಸಾಕು, ಪ್ರಾಣ ತೆಗೆಯುತ್ತದೆ. ಕಡೆಗೆ ಇದಕ್ಕೆಂದೇ ಸಾಕಿದ ಹುಳುಗಳನ್ನು ತರಿಸಿದೆವು. ಅವನ್ನು ಅಜ್ಜಿಯ ಅಡುಗೆಮನೆಯಿಂದ ದೂರ, ಹಿತ್ತಿಲ ಕೋಣೆಯಲ್ಲಿಟ್ಟೆವು. ಅವಳ ಶೀಲಕ್ಕೂ ಮನೆಯಲ್ಲಿ ಸ್ಥಾನವಿರಬೇಕಷ್ಟೆ.

ಇದೇ ಸಂದರ್ಭದಲ್ಲಿ ಎದ್ದ ಇನ್ನೊಂದು ಪ್ರಶ್ನೆ ಬಿಡುಗಡೆಯದು. “ಅಜ್ಜಾ, ಇದನ್ನ ತಿಕೋಟಾದ ಪಡದಾಗ ಬಿಟ್ಟು ಬರೋಣೇನು? ಅಲ್ಲಿ ಓತಿಕ್ಯಾತ ಭಾಳ ಅದಾವ, ಜೋಡಿ ಆಗತೈತಿ” ಎಂದನು ಹುಡುಗ. ಸೆರೆಯಲ್ಲಿರುವ ಜೀವವನ್ನು ಬಿಡುವುದಕ್ಕಿಂತ ದೊಡ್ಡ ದಯೆ ಯಾವುದೆಂದು ಯಾರಿಗಾದರೂ ತೋರೀತು. ಆದರೆ ಸೆರೆಯಲ್ಲಿಯೇ ಹುಟ್ಟಿದ, ಕಾಲು ಬಾಗಿದ ಮರಿ ಹದ್ದಿನ ಕಣ್ಣಿಗೆ ಒಂದು ದಿನವೂ ತಪ್ಪಿಸಿಕೊಳ್ಳಲಾರದು. ತಪ್ಪಿಸಿಕೊಂಡು ಬದುಕಿದರೆ ಕೇಡು ಇನ್ನೂ ಹೆಚ್ಚು. ಪರದೇಶದ ರೋಗವನ್ನೋ ಸಂತಾನವನ್ನೋ ನಮ್ಮ ನೆಲಕ್ಕೆ ಹಚ್ಚೀತು. ಹತ್ತೊಂಬತ್ತನೆಯ ಶತಮಾನದಲ್ಲಿ ಹೊರನಾಡಿನಿಂದ ತಂದ ಬಳ್ಳಾರಿ ಜಾಲಿ ನಮ್ಮ ಗೋಮಾಳ ಕೆರೆದಂಡೆಗಳನ್ನು ಹೇಗೆ ನುಂಗಿತೆಂಬುದನ್ನು ಉತ್ತರ ಕರ್ನಾಟಕದ ರೈತನು ಬಲ್ಲನು. ಹೊಣೆಯಿಂದ ಬಿಡಿಸಿಕೊಳ್ಳುವ ಬಯಕೆ ಎಷ್ಟೋ ಸಲ ದಯೆಯ ವೇಷವನ್ನು ಹಾಕಿಕೊಂಡು ಬರುತ್ತದೆ. ನಾವು ಬಿಡಬೇಕೆಂದುದು ಮರಿಯನ್ನೋ, ನಮ್ಮ ತೊಂದರೆಯನ್ನೋ ಎಂದು ಕೇಳಿದಾಗ ಹುಡುಗ ಸುಮ್ಮನಾದನು. ಕೇಳಿದ ಮುದುಕನೂ ಸುಮ್ಮನಾದನು.

ಹುಡುಗ ನೆನೆದ ಆ ಓತಿಕೇತದ ವಿಚಾರವಾಗಿಯೂ ಎರಡು ಮಾತು ಅವಶ್ಯ. ಓತಿಕೇತಕ್ಕೆ ಬೇಲಿಗೂಟ ಸಾಕ್ಷಿಯೆಂದು ಗಾದೆ ಮಾಡಿ ನಕ್ಕ ನಾವು ಅದನ್ನು ಎಂದೂ ಕರುಣೆಯಿಂದ ನೋಡಲಿಲ್ಲ. ಬೆದೆಯ ಕಾಲದಲ್ಲಿ ಗಂಡಿನ ತಲೆ ಕೊರಳು ಕೆಂಪಾಗುತ್ತವೆ. ಅದು ದೂರದಿಂದಲೇ ನೆತ್ತರು ಹೀರುತ್ತದೆಂದು ನಂಬಿ ಹುಡುಗರು ಕಲ್ಲೆಸೆಯುತ್ತಾರೆ. ಅದು ಯಾರ ನೆತ್ತರನ್ನೂ ಹೀರದು. ಹೊಲದ ಹುಳುಗಳನ್ನು ತಿಂದು ರೈತನಿಗೆ ನೆರವಾಗುತ್ತದೆ. ಮಳೆಗಾಲದಲ್ಲಿ ತಾಯಿ ಹಸಿಮಣ್ಣಿನಲ್ಲಿ ಗುಳಿ ತೋಡಿ ಮೊಟ್ಟೆಯಿಟ್ಟು, ಮುಚ್ಚಿ, ಹೊರಟುಹೋಗುತ್ತದೆ. ಒಡೆದು ಬಂದ ಮರಿ ಹುಟ್ಟಿದ ದಿನದಿಂದಲೇ ತನ್ನ ಬಾಳನ್ನು ತಾನು ನೋಡಿಕೊಳ್ಳುತ್ತದೆ. ಬೇಲಿಯ ಬಳಿ ಒಂಟಿ ಮರಿ ಕಂಡರೆ ತಬ್ಬಲಿಯೆಂದು ಬಗೆದು ಮನೆಗೆ ಹೊತ್ತು ತರುವುದು ಕರುಣೆಯಾಗದು. ದಾರಿಯಲ್ಲಿದ್ದರೆ ಬೇಲಿಗೆ ಸರಿಸಿ ಬಿಟ್ಟು ಬರುವುದೇ ಅಲ್ಲಿ ಪೂರ್ಣವಾದ ದಯೆ. ಒಂದೇ ಕುಲದ ಎರಡು ಮರಿಗಳು: ಒಂದನ್ನು ಬಿಡಬೇಕು, ಒಂದನ್ನು ಇಟ್ಟುಕೊಂಡು ಕಾಯಬೇಕು. ಯಾವುದಕ್ಕೆ ಏನು ಸಲ್ಲುವುದೆಂದು ಬೇರ್ಪಡಿಸಿ ಹೇಳುವುದು ಅರಿವೊಂದೇ.

ನಾಡಿನ ಕಟ್ಟಳೆಗಳೂ ಈ ಅರಿವಿಗೆ ಒತ್ತಾಗಿ ನಿಂತಿವೆ. 1960ರ ಪ್ರಾಣಿಹಿಂಸಾ ತಡೆ ಕಾಯಿದೆ, ಪ್ರಾಣಿಯನ್ನು ತನ್ನ ವಶದಲ್ಲಿಟ್ಟುಕೊಂಡವನು ಅದರ ಕ್ಷೇಮಕ್ಕೆ ತಕ್ಕ ಕ್ರಮಗಳನ್ನೆಲ್ಲ ಕೈಕೊಳ್ಳಬೇಕೆಂದು ವಿಧಿಸುತ್ತದೆ. 1976ರಲ್ಲಿ ಸಂವಿಧಾನಕ್ಕೆ ಸೇರಿದ ಮೂಲಭೂತ ಕರ್ತವ್ಯಗಳಲ್ಲಿ ಜೀವಿಗಳ ಮೇಲಿನ ಅನುಕಂಪವೂ ಒಂದು. ಹಸಿವು ನೀರಡಿಕೆ, ಇರುನೆಲೆಯ ಕಷ್ಟ, ನೋವು ರೋಗ, ಭಯ ಇವುಗಳಿಂದ ಬಿಡುಗಡೆ ಹಾಗೂ ಸ್ವಭಾವದಂತೆ ನಡೆಯುವ ಸ್ವಾತಂತ್ರ್ಯ ಎಂಬ ಐದನ್ನು 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ಪ್ರಾಣಿಗಳಿಗೆ ಸಲ್ಲತಕ್ಕವೆಂದು ಎತ್ತಿಹಿಡಿಯಿತು. ನಮ್ಮ ಉಡವನ್ನಂತೂ 1972ರ ವನ್ಯಜೀವಿ ಸಂರಕ್ಷಣ ಕಾಯಿದೆಯು ಮೊದಲ ಪಟ್ಟಿಯಲ್ಲಿರಿಸಿ ಕಾಪಾಡಿದೆ. ಹಿಡಿಯುವುದೂ ಸಾಕುವುದೂ ಅಪರಾಧ. ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶೀ ಪ್ರಾಣಿಗಳನ್ನು ಇಟ್ಟುಕೊಂಡವರು ಸರಕಾರಕ್ಕೆ ತಿಳಿಸಬೇಕೆಂಬ ವಿಧಿ 2022ರ ತಿದ್ದುಪಡಿಯಿಂದ ಬಂದಿದೆ. ಈ ಕಟ್ಟಳೆಗಳ ಹಿಂದೆ ಕಣ್ಣೀರು ತರಿಸುವ ಸಂಗತಿಗಳಿವೆ. 2023ರ ಆಗಸ್ಟಿನಲ್ಲಿ ಬ್ಯಾಂಕಾಕಿನಿಂದ ಬೆಂಗಳೂರಿಗೆ ಬಂದಿಳಿದ ಪ್ರಯಾಣಿಕನ ಪೆಟ್ಟಿಗೆಯಲ್ಲಿ 234 ಕಾಡುಜೀವಿಗಳು ಸಿಕ್ಕವು. ಅವುಗಳ ನಡುವೆ ಉಸಿರುಗಟ್ಟಿ ಸತ್ತ ಒಂದು ಕಾಂಗರೂ ಮರಿಯೂ ಇತ್ತು. ಕೊಳ್ಳುವವರಿಲ್ಲದಿದ್ದರೆ ಆ ಪೆಟ್ಟಿಗೆ ತುಂಬುತ್ತಿರಲಿಲ್ಲ.

ಇಲ್ಲಿ ಆಯ್ದಕ್ಕಿ ಲಕ್ಕಮ್ಮನವರ ಕಥೆ ನೆನಪಾಗುತ್ತದೆ. ಪತಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಬೇಕಾದುದಕ್ಕಿಂತ ಮಿಗಿಲಾದುದು ಆಸೆಯ ಪಾಲೆಂದು ತಿಳಿಹೇಳಿ ಅದನ್ನು ಮರಳಿಸಿದ ಮಹಾತಾಯಿ ಆಕೆ. ಅಕ್ಕಿಯನ್ನು ಮರಳಿ ಸುರಿದು ಬರಬಹುದು. ಜೀವವನ್ನು ಹಾಗೆ ಸುರಿದು ಬರುವಂತಿಲ್ಲ. ಆದುದರಿಂದ ಲಕ್ಕಮ್ಮನವರ ಪ್ರಶ್ನೆಯನ್ನು ತಂದ ಮೇಲೆ ಕೇಳುವುದಕ್ಕಿಂತ ತರುವ ಮುನ್ನ ಕೇಳಿಕೊಳ್ಳುವುದು ಮೇಲು: ಇದು ನನಗೆ ಬೇಕೇ? ಇದರ 10 ವರ್ಷಗಳ ಬಾಳಿಗೆ ನಾನು ಬೇಕಾಗುವೆನೇ? ಹುಟ್ಟುಹಬ್ಬದ ಸಂತೋಷ ಒಂದು ಸಂಜೆಯದು.

ಆದರೂ ಯಾರ ಮನೆಯಲ್ಲಿಯಾದರೂ ಇಂಥ ಮರಿ ಈಗಾಗಲೇ ಬಂದು ಕುಳಿತಿದ್ದರೆ ಅವರಿಗೆ ಉಪದೇಶಕ್ಕಿಂತ ಉಪಾಯ ಮುಖ್ಯ. ನಮಗೆ ವೈದ್ಯರಿಂದ ತಿಳಿದುದನ್ನು ಸಂಗ್ರಹವಾಗಿ ಹೇಳುವೆವು. ಮೊದಲ ವಾರ ಮರಿಯನ್ನು ಎತ್ತಬಾರದು. ಮರಳನ್ನು ತೆಗೆದು ಕಾಗದವನ್ನು ಹಾಸಬೇಕು, ಮರಳು ನುಂಗಿದರೆ ಕರುಳು ಕಟ್ಟುತ್ತದೆ. ಪೆಟ್ಟಿಗೆಯ ಒಂದು ಬದಿಯಲ್ಲಿ ಮೈ ಕಾಯಿಸಲು ಸುಮಾರು 40 ಡಿಗ್ರಿ ಬಿಸಿ, ಇನ್ನೊಂದು ಬದಿಯಲ್ಲಿ 25ರಿಂದ 28ರ ತಂಪು ಇರಬೇಕು. ಆರಿಸಿಕೊಳ್ಳುವುದು ಮರಿಗೆ ಬಿಟ್ಟುದು. ಕೈಯಂದಾಜು ಸಾಲದು, ಉಷ್ಣಮಾಪಕವಿರಲಿ. ನೇರಳಾತೀತ ದೀಪ ಬೇಕು; ಎಳೆಬಿಸಿಲಿಗೆ ಹಿಡಿಯುವುದಾದರೆ ನಡುವೆ ಗಾಜು ಇರಬಾರದು, ನೆರಳಿನ ಆಸರೆ ಇರಬೇಕು, ಕಣ್ಣು ತಪ್ಪಿಸಬಾರದು. ಬೇಸಿಗೆಯಲ್ಲಿ ಮುಚ್ಚಿದ ಗಾಜಿನ ಪೆಟ್ಟಿಗೆಯನ್ನು ಬಿಸಿಲಿಗಿಟ್ಟರೆ ಗಳಿಗೆಯಲ್ಲಿ ಸುಟ್ಟುಹೋದೀತು. ಮೈ ತಣ್ಣಗಿರುವಾಗ ಬಲವಂತದಿಂದ ಉಣಿಸಬಾರದು. ಮೊದಲು ಕಾಯಿಸಿ, ಆಮೇಲೆ ಉಣಿಸುವುದು. ದವಡೆ ಮೆತ್ತಗಾದರೆ, ಕಾಲು ನಡುಗಿದರೆ, ಕಣ್ಣು ಗುಳಿಬಿದ್ದರೆ, ತೂಕ ಇಳಿಯುತ್ತ ಹೋದರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು, ಜಂತಿನ ಪರೀಕ್ಷೆಗೆ ಹೊಸ ಹಿಕ್ಕೆಯನ್ನೂ ಒಯ್ಯಬೇಕು. ಮನುಷ್ಯರ ಔಷಧವನ್ನು ಅಂದಾಜಿನಿಂದ ಹಾಕಲೇಬಾರದು. ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಬೇಕು. ಇವುಗಳ ಮೈಮೇಲಿನ ಸೂಕ್ಷ್ಮಾಣುಗಳಿಂದ ಮಕ್ಕಳಿಗೆ ಬೇನೆ ತಗಲುವುದುಂಟು, 5 ವರ್ಷದೊಳಗಿನ ಕೂಸುಗಳನ್ನು ದೂರವಿಡುವುದು ಲೇಸು.

ನಮ್ಮ ಮರಿಯ ಸಂಗತಿಯನ್ನು ಕೇಳುವ ಕುತೂಹಲ ವಾಚಕರಿಗೆ ಇದ್ದೇ ಇರುವುದು. ದೀಪ ಹಚ್ಚಿದ ನಾಲ್ಕನೆಯ ದಿನ ಅದು ತಾನಾಗಿ ಒಂದು ಹುಳುವನ್ನು ಹಿಡಿಯಿತು. ಹಿತ್ತಿಲ ಬಾಗಿಲಲ್ಲಿ ನಿಂತು ನೋಡಿದ ಅಜ್ಜಿ ಮುಖ ತಿರುಗಿಸಿದಳು, ಸಂಜೆ ಮಾತ್ರ, “ತಿಂತೇನು ಅದು?” ಎಂದು ಕೇಳುವುದನ್ನು ಮರೆಯಲಿಲ್ಲ. ಯುಗಾದಿಯ ಹೊತ್ತಿಗೆ ಅದು ಗೇಣುದ್ದ ಬೆಳೆದಿತ್ತು. ಆದರೆ ಎಡದ ಮುಂಗಾಲಿನ ಬಾಗು ನೆಟ್ಟಗಾಗಲಿಲ್ಲ, ಆಗುವುದೂ ಇಲ್ಲವಂತೆ. ಅದು ಕುಂಟುತ್ತ ಬಂದು ದೀಪದ ಕೆಳಗೆ ಕುಳಿತಾಗಲೆಲ್ಲ ನಮ್ಮ ಅರಿವಿಲ್ಲದ ಆ ಒಂದು ವಾರ ಕಣ್ಣ ಮುಂದೆ ನಿಲ್ಲುತ್ತದೆ. ಹುಡುಗ ಒಂದು ದಿನ ಕೇಳಿದನು: “ಅಜ್ಜಾ, ಇದರ ಕಾಲ ನಾನ ಮುರದಂಗ ಆತೇನು?” ಇಲ್ಲವೆಂದು ಸುಳ್ಳು ಹೇಳಲು ಮನಸ್ಸು ಒಪ್ಪಲಿಲ್ಲ, ಹೌದೆಂದು ಹೊರೆಯನ್ನೆಲ್ಲ ಆ ಎಳೆಯ ಹೆಗಲಿಗೆ ಹೊರಿಸುವುದೂ ನ್ಯಾಯವೆನಿಸಲಿಲ್ಲ. “ನಮಗೆಲ್ಲಾರಿಗೂ ತಿಳೀಲಿಲ್ಲ ತಮ್ಮಾ. ಈಗ ತಿಳದೈತಿ. ಇನ್ನ ತಿಳದಂಗ ನಡೀಬೇಕು” ಎಂದೆನು.

ಅಂದಿನಿಂದ ಅವನು ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿದಿನವೂ ಪೆಟ್ಟಿಗೆಯ ಉಷ್ಣವನ್ನೂ, ವಾರಕ್ಕೊಮ್ಮೆ ಮರಿಯ ತೂಕವನ್ನೂ ಬರೆದಿಡುತ್ತಾನೆ. ಅದನ್ನು ಎತ್ತಿ ಮುದ್ದಿಸುವುದನ್ನು ಬಹಳ ಕಡಿಮೆ ಮಾಡಿದ್ದಾನೆ. ರಾತ್ರಿ ಊಟಕ್ಕೆ ಕರೆದರೆ ಮೊದಲು ಹೋಗಿ ಉಷ್ಣಮಾಪಕವನ್ನು ನೋಡಿ ಬಂದು ಆಮೇಲೆ ತಾಟಿನ ಮುಂದೆ ಕೂಡುತ್ತಾನೆ. ಹೀಗೆ ತಡವಾಗಿ ಬರುವ ಅವನನ್ನು ಮನೆಯಲ್ಲಿ ಯಾರೂ ಗದರಿಸುವುದಿಲ್ಲ.